ಹಾಲು ಕುಡಿಸಿ, ಸುತ್ತಿ, ಕಾಯುವುದು: ಅರಿವಳಿಕೆ ಇಲ್ಲದೆ ಹಸುಗೂಸಿನ ಮೆದುಳಿನ ಎಂಆರ್‌ಐ

ಹನ್ನೊಂದೂವರೆಗೆ ಸ್ಕ್ಯಾನ್ ಎಂದರೆ ಸಕಲೇಶಪುರದವರು ಹತ್ತು ಗಂಟೆಗೇ ಬಂದು ಕುಳಿತಿರುತ್ತಾರೆ. ಮಗು ಅಜ್ಜಿಯ ಮಡಿಲಲ್ಲಿ ಗಾಢ ನಿದ್ದೆಯಲ್ಲಿರುತ್ತದೆ. “ನೋಡಿ ಮೇಡಂ, ಎಷ್ಟು ಚೆನ್ನಾಗಿ ಮಲಗಿದೆ, ಈಗಲೇ ಮಾಡಿಬಿಡಿ” ಎಂದು ಅಪ್ಪ ಸಂತೋಷದಿಂದ ಹೇಳುತ್ತಾನೆ. ನನ್ನ ಎದೆ ಧಸಕ್ಕೆನ್ನುತ್ತದೆ. ಸುಮಾರು ನಲವತ್ತು ಕಿಲೋಮೀಟರ್ ಕಾರಿನಲ್ಲಿ ತೂಗಿಸಿಕೊಂಡು ಬಂದ ಮಗು ನಿದ್ದೆಯನ್ನೆಲ್ಲ ದಾರಿಯಲ್ಲೇ ಮುಗಿಸಿಬಿಟ್ಟಿರುತ್ತದೆ. ಬಟ್ಟೆ ಬದಲಿಸಲು ಕೈ ಹಾಕಿದೊಡನೆ ಕಣ್ಣು ಬಿಡುತ್ತದೆ, ಮತ್ತೆ ಎರಡು ಗಂಟೆ ಮುಚ್ಚುವುದಿಲ್ಲ.

ಹಾಸನದ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಅರಕಲಗೂಡು, ಬೇಲೂರು, ಆಲೂರು, ಹೊಳೆನರಸೀಪುರ, ಅರಸೀಕೆರೆ ಕಡೆಯಿಂದ ಎಳೆಮಕ್ಕಳು ಬರುತ್ತಿರುತ್ತವೆ. ಹುಟ್ಟಿದಾಗ ಅಳದ ಮಗು, ಫಿಟ್ಸ್ ಬಂದ ಮಗು, ಅವಧಿಗೆ ಮುನ್ನ ಹುಟ್ಟಿದ ಮಗು, ಕಾಮಾಲೆ ಮಿತಿ ಮೀರಿದ ಮಗು, ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚುತ್ತಿರುವ ಮಗು. ಇವುಗಳಲ್ಲಿ ಹಲವಕ್ಕೆ ಅರಿವಳಿಕೆಯ ಅಗತ್ಯವೇ ಬೀಳುವುದಿಲ್ಲ. ಹಸಿದ ಮಗುವಿಗೆ ಸರಿಯಾದ ಹೊತ್ತಿಗೆ ಹಾಲು ಕೊಟ್ಟು, ಬಿಗಿಯಾಗಿ ಸುತ್ತಿ, ಅದು ಸಹಜವಾಗಿ ನಿದ್ದೆ ಹೋಗುವವರೆಗೆ ಕಾದರೆ ಸಾಕು. ಆ ಕಾಯುವಿಕೆಗೆ ಯಾರೂ ಸಮಯ ಕೊಡುವುದಿಲ್ಲ ಎನ್ನುವುದೇ ತೊಂದರೆ. ಯಂತ್ರದ ಕೆಲಸ ಅರ್ಧ ಗಂಟೆಯದು, ಅದಕ್ಕೆ ಮೊದಲಿನ ಮೂರು ಗಂಟೆಗಳೇ ಸ್ಕ್ಯಾನ್. ತಂದೆತಾಯಿಯರಿಗೆ ಮುಖ್ಯವಾಗಿ, ಈ ಕೆಲಸಕ್ಕೆ ಹೊಸದಾಗಿ ಬಂದ ಟೆಕ್ನಿಷಿಯನ್‌ಗಳಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ: ಎಂಆರ್‌ಐ ಬೇಕೇ?

ಮಗುವಿನ ನೆತ್ತಿ ಇನ್ನೂ ಮೆತ್ತಗಿದ್ದರೆ ಅದೇ ಒಂದು ಕಿಟಕಿ. ಅಲ್ಲಿ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರೆ ಮೆದುಳಿನ ಒಳಗಿನ ರಕ್ತಸ್ರಾವ, ನೀರು ತುಂಬಿಕೊಂಡಿರುವುದು ಎರಡೂ ಕಾಣುತ್ತವೆ. ತೊಟ್ಟಿಲಿನ ಪಕ್ಕದಲ್ಲೇ ಮಾಡಬಹುದು, ಮಗು ಎಚ್ಚರವಿದ್ದರೂ ಚಿಂತೆಯಿಲ್ಲ. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದು ವರ್ಷದಿಂದ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ವೈದ್ಯರು ಹಲವು ಸಲ ಇದನ್ನೇ ಮೊದಲು ಬರೆಯುತ್ತಾರೆ.

ಮಗು ಮಂಚದಿಂದ ಬಿದ್ದು ತಲೆಗೆ ಪೆಟ್ಟಾದಾಗ ತುರ್ತಿಗೆ ಸಿಟಿ ಸ್ಕ್ಯಾನ್. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಅದಕ್ಕೂ ಅರಿವಳಿಕೆ ಬೇಕಾಗುವುದು ಅಪರೂಪ. ಆದರೆ ಸಿಟಿಯಲ್ಲಿ ಎಕ್ಸ್‌ರೇ ವಿಕಿರಣವಿದೆ, ಸುಮ್ಮನೆ ಮಾಡಿಸುವಂಥದ್ದಲ್ಲ. ಎಂಆರ್‌ಐಯಲ್ಲಿ ಆ ವಿಕಿರಣವಿಲ್ಲ, ಮೆದುಳಿನ ವಿವರ ಬೇರಾವುದರಲ್ಲೂ ಸಿಗದಷ್ಟು ಸಿಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಮಗು ಇಪ್ಪತ್ತು ಮೂವತ್ತು ನಿಮಿಷ ಅಲುಗದೆ ಮಲಗಬೇಕು.

ಅರಿವಳಿಕೆಯ ಭಯದ ಬಗ್ಗೆ ಒಂದು ಮಾತು

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಟ್ಟರೆ ಮೆದುಳಿನ ಬೆಳವಣಿಗೆಗೆ ತೊಂದರೆಯಾಗಬಹುದು ಎಂಬುದು ಅದರ ಸಾರ. ಇದು ಮೊಬೈಲಿನಿಂದ ಮೊಬೈಲಿಗೆ ಹಾರಿ ಹಾಸನಕ್ಕೆ ಬರುವಷ್ಟರಲ್ಲಿ “ಅರಿವಳಿಕೆ ಕೊಟ್ಟರೆ ಮಗುವಿನ ಬುದ್ಧಿ ಮಂಕಾಗುತ್ತದೆಯಂತೆ” ಎಂದಾಗಿದೆ. ಹಾಗಲ್ಲ. ಹಲವು ದೇಶಗಳಲ್ಲಿ ನಡೆದ ಜಿಎಎಸ್ ಎಂಬ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎಳವೆಯಲ್ಲಿ ಒಂದು ಸಲ, ಒಂದು ಗಂಟೆಗಿಂತ ಕಡಿಮೆ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಶಕ್ತಿಯಲ್ಲಿ ಐದನೆಯ ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಗತ್ಯವಿದ್ದಾಗ ವೈದ್ಯರು ಅರಿವಳಿಕೆ ಬೇಕು ಎಂದರೆ ಹಿಂಜರಿಯಬೇಡಿ. ಅಗತ್ಯವಿಲ್ಲದಿದ್ದಾಗ ಮಾತ್ರ ಅದರ ಉಸಿರಾಟದ ಅಪಾಯ, ಖಾಲಿ ಹೊಟ್ಟೆಯ ಒದ್ದಾಟ, ಚೇತರಿಕೆಯ ಕಾಯುವಿಕೆ ಇವೆಲ್ಲ ಏಕೆ ಬೇಕು?

ಯಾವ ಮಗುವಿಗೆ ಆಗುತ್ತದೆ, ಯಾವುದಕ್ಕೆ ಆಗದು

ಮೂರು ತಿಂಗಳೊಳಗಿನ ಮಗುವಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ನಾಲ್ಕರಿಂದ ಆರು ತಿಂಗಳವರೆಗೆ ಪ್ರಯತ್ನಿಸಬಹುದು, ತಾಳ್ಮೆ ಹೆಚ್ಚು ಬೇಕು. ಆ ಮೇಲೆ ಮಗುವಿಗೆ ಜಗತ್ತಿನಲ್ಲಿ ಆಸಕ್ತಿ ಹುಟ್ಟಿಬಿಡುತ್ತದೆ, ಹಾಲಿಗಿಂತ ಛಾವಣಿಯ ದೀಪವೇ ಚೆಂದ ಕಾಣುತ್ತದೆ.

ಆಗಾಗ ಉಸಿರು ನಿಲ್ಲಿಸುವ ಮಗು, ಆಮ್ಲಜನಕದ ಮೇಲಿರುವ ಮಗು, ಕುಡಿದದ್ದನ್ನೆಲ್ಲ ಕಕ್ಕುವ ಮಗು, ಶ್ವಾಸನಾಳದ ತೊಂದರೆಯಿರುವ ಮಗು, ಇವುಗಳ ವಿಚಾರ ಬೇರೆ. ಹೊಟ್ಟೆ ತುಂಬಿಸಿ ಅಂಗಾತ ಮಲಗಿಸುವುದು ಇವುಗಳಿಗೆ ಅಪಾಯ. ತೀರ್ಮಾನ ಮಕ್ಕಳ ವೈದ್ಯರದು. ತೂಕ ಕಡಿಮೆಯಿರುವ ಮಗು, ಸಕ್ಕರೆ ಕಾಯಿಲೆಯ ತಾಯಿಗೆ ಹುಟ್ಟಿದ ಮಗು ಹಸಿವನ್ನು ತಾಳಲಾರದು, ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಎಷ್ಟು ಹೊತ್ತು ಹಾಲು ತಡೆಯಬಹುದು ಎಂದು ವೈದ್ಯರನ್ನು ಕೇಳದೆ ಒಂದು ಗಂಟೆಯನ್ನೂ ಹೆಚ್ಚಿಸಬೇಡಿ.

ದಿನ ಗೊತ್ತುಮಾಡುವಾಗ

ಮಗು ಸಾಮಾನ್ಯವಾಗಿ ಯಾವಾಗ ದೊಡ್ಡ ನಿದ್ದೆ ಮಾಡುತ್ತದೆ ಎಂದು ಮೂರು ದಿನ ಗಮನಿಸಿ, ಒಂದು ಚೀಟಿಯಲ್ಲಿ ಬರೆದು ತನ್ನಿ. ನಮ್ಮ ಕಡೆ ಬಾಣಂತನದ ಮನೆಗಳಲ್ಲಿ ಬೆಳಗಿನ ಎಣ್ಣೆನೀರಿನ ಸ್ನಾನವಾಗಿ ಸಾಂಬ್ರಾಣಿ ಹೊಗೆ ಹಾಕಿದ ಮೇಲೆ ಮಗು ಎರಡು ಗಂಟೆ ಅಲುಗುವುದಿಲ್ಲ. ಸ್ಕ್ಯಾನ್ ಸಮಯವನ್ನು ಆ ಹೊತ್ತಿಗೆ ಸರಿಹೊಂದಿಸಿ ಕೇಳಿ. ಕೊಡುವವರು ಗೊಣಗಿದರೂ ಕೇಳಿ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆ ಹಾಕಿಸಿದ ದಿನವೂ ಮರುದಿನವೂ ಬೇಡ, ಮಗು ಕಿರಿಕಿರಿಯಲ್ಲಿರುತ್ತದೆ.

ಹುಟ್ಟಿದಾಗ ಉಸಿರುಕಟ್ಟಿದ ಮಗುವಾದರೆ ದಿನವನ್ನು ವೈದ್ಯರೇ ಹೇಳುತ್ತಾರೆ, ಅದನ್ನು ಮುಂದೂಡಬೇಡಿ. ಡಿಫ್ಯೂಷನ್ ಎಂಬ ಚಿತ್ರದಲ್ಲಿ ಹಾನಿ ಎದ್ದು ಕಾಣುವುದು ಮೊದಲ ವಾರದಲ್ಲಿ. ವಾರ ಕಳೆದಂತೆ ಅದು ಸಹಜವಾಗಿದೆಯೇನೋ ಎನ್ನುವಷ್ಟು ಮಸುಕಾಗಿ ದಾರಿ ತಪ್ಪಿಸುತ್ತದೆ.

ಆ ದಿನದ ಬೆಳಗು

ಹನ್ನೊಂದೂವರೆಯ ಸ್ಕ್ಯಾನ್, ಒಂದೂವರೆ ತಿಂಗಳ ಮಗು, ವೈದ್ಯರ ಒಪ್ಪಿಗೆಯಿದೆ ಎಂದಿಟ್ಟುಕೊಳ್ಳಿ. ಏಳೂವರೆಗೆ ಎಂಟಕ್ಕೆ ಹಾಲು ಕೊಡಿ. ಆ ಮೇಲೆ ಮೂರು ಗಂಟೆ ಹಾಲಿಲ್ಲ. ಈ ಹೊತ್ತಿನಲ್ಲಿ ಮಗು ಎಚ್ಚರವಾಗಿರಬೇಕು. ಇದೇ ಅತ್ಯಂತ ಕಷ್ಟದ ಭಾಗ, ಮಗುವಿಗಲ್ಲ, ಅಜ್ಜಿಯರಿಗೆ. ಅತ್ತರೆ ಎತ್ತಿಕೊಳ್ಳಿ, ಮಾತಾಡಿಸಿ, ಕಿಟಕಿಯ ಹತ್ತಿರ ಹಿಡಿದು ತೋರಿಸಿ. ದಾರಿಯುದ್ದಕ್ಕೂ ಒಬ್ಬರು ಮಗುವನ್ನು ಮಾತಾಡಿಸುತ್ತಲೇ ಇರಬೇಕು. ಪಾದ ತಿಕ್ಕಿ, ಮುಖಕ್ಕೆ ಒದ್ದೆ ಬಟ್ಟೆ ಮುಟ್ಟಿಸಿ. ಘಾಟಿನ ಕಡೆಯಿಂದ ಬರುವವರು ಮಳೆಗಾಲದಲ್ಲಿ ರಸ್ತೆಯನ್ನು ನಂಬಬೇಡಿ, ಸಾಧ್ಯವಾದರೆ ಹಿಂದಿನ ದಿನವೇ ಹಾಸನದ ನೆಂಟರ ಮನೆಗೆ ಬಂದುಬಿಡಿ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಮೆಡಿಕಲ್ ಸ್ಟೋರಿನಿಂದ ನಿದ್ದೆಯ ಸಿರಪ್ ತಂದು ಮನೆಯಲ್ಲೇ ಕುಡಿಸಿಕೊಂಡು ಬರಬೇಡಿ. ಟ್ರೈಕ್ಲೋಫಾಸ್‌ನಂಥ ಔಷಧಿ ನಮ್ಮಲ್ಲಿ ಬಳಕೆಯಲ್ಲಿದೆ, ಅದನ್ನು ಕೊಡಬೇಕಾದ್ದು ಆಸ್ಪತ್ರೆಯಲ್ಲಿ, ತೂಕ ನೋಡಿ, ಉಸಿರು ಮತ್ತು ಆಮ್ಲಜನಕದ ಮಟ್ಟ ಗಮನಿಸುತ್ತ. ಕಾರಿನ ಹಿಂದಿನ ಸೀಟಿನಲ್ಲಿ ಮಗು ಕತ್ತು ಬಾಗಿಸಿ ಉಸಿರು ಕಟ್ಟಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಲೋಹ ಬಿಚ್ಚುವ ಶಾಸ್ತ್ರ

ಎಂಆರ್‌ಐ ಒಂದು ದೊಡ್ಡ ಅಯಸ್ಕಾಂತ. ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿ ದೀಪ ಆರಿಸಿದ ಮೇಲೂ ಅದು ಎಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದ ಸಂಬಂಧಿಕನೊಬ್ಬ ಪ್ರಾಣ ಕಳೆದುಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ನಮ್ಮ ಮಕ್ಕಳ ಮೈಮೇಲೆ ಎಷ್ಟು ಲೋಹವಿರುತ್ತದೆ ಎಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಬೆಳ್ಳಿಯ ಉಡುದಾರ, ಕಾಲ್ಗಡಗ, ಕೈಬಳೆ, ಕೊರಳಲ್ಲಿ ತಾಯಿತ, ಕಿವಿ ಚುಚ್ಚಿಸಿದ್ದರೆ ಓಲೆ. “ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ” ಎಂದು ಒಬ್ಬರು ಮೇಷ್ಟ್ರು ನನ್ನನ್ನು ಕೇಳಿದ್ದರು. ಸರಿಯಾದ ಪ್ರಶ್ನೆಯೇ. ಎಳೆಯುವುದಿಲ್ಲ, ಆದರೆ ಯಂತ್ರದ ರೇಡಿಯೊ ಅಲೆಗಳಿಂದ ಲೋಹದ ಬಳೆಯಂಥ ಸುತ್ತಿನಲ್ಲಿ ವಿದ್ಯುತ್ ಹರಿದು ಬಿಸಿಯಾಗಿ ಚರ್ಮ ಸುಡಬಹುದು. ಕೊಂಡಿಯಲ್ಲಿ ಕಬ್ಬಿಣ ಬೆರೆತಿರುವುದೂ ಉಂಟು. ಹಣೆಯ, ಕೆನ್ನೆಯ ಕಾಡಿಗೆ ಬೊಟ್ಟನ್ನೂ ಒರೆಸಿ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಜರಿಯ ಸೀರೆಯಲ್ಲಿ ಮಗುವನ್ನು ಸುತ್ತಬೇಡಿ. ಪ್ರೆಸ್ ಬಟನ್ ಇರುವ ಅಂಗಿ ಬೇಡ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಮಗು ಅಪರೂಪಕ್ಕೆ ಬೇಗ ಮಲಗಿತ್ತು, ಎಚ್ಚರಿಸುವುದೇಕೆ ಎಂದು ತಲೆಯ ಟೋಪಿಯನ್ನು ಹಾಗೆಯೇ ಬಿಟ್ಟು ಒಳಗೆ ಹಾಕಿದೆ. ಮೊದಲ ಚಿತ್ರ ಬಂತು: ಎಡಗಿವಿಯ ಮೇಲ್ಭಾಗದಲ್ಲಿ ಮೆದುಳನ್ನು ಯಾರೋ ಬೆರಳಿಂದ ಒರೆಸಿಹಾಕಿದ ಹಾಗೆ ಕಪ್ಪು ಗುಳಿ, ಅದರ ಅಂಚಿನಲ್ಲಿ ಬೆಳ್ಳಗೆ ಮಿಂಚು. ಎದೆ ಹಾರಿಹೋಯಿತು. ಮಗುವನ್ನು ಹೊರಗೆ ತಂದು ನೋಡಿದರೆ ಟೋಪಿಯ ಒಳಮಡಿಕೆಯಲ್ಲಿ ಒಂದು ಪುಟ್ಟ ಸೇಫ್ಟಿ ಪಿನ್, ಅದಕ್ಕೆ ಕಟ್ಟಿದ ದೃಷ್ಟಿಮಣಿ. ಪಿನ್ನು ಬಿಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ಮೈ ನಡುಗುತ್ತದೆ. ಅಂದಿನಿಂದ ಮಗುವಿನ ಮೈಮೇಲೆ ಮನೆಯ ಒಂದು ನೂಲನ್ನೂ ಬಿಡುವುದಿಲ್ಲ, ಕೇಂದ್ರದ ಹತ್ತಿ ಬಟ್ಟೆಯನ್ನೇ ಹಾಕುತ್ತೇನೆ.

ಒಳಗೆ ಬರುವ ತಾಯಿಯೂ ಕಾಲುಂಗುರ, ಮಾಂಗಲ್ಯ, ಬಳೆ, ಹೇರ್‌ಪಿನ್, ಸೆರಗಿಗೆ ಚುಚ್ಚಿದ ಪಿನ್ನುಗಳು, ಮೊಬೈಲು ಎಲ್ಲ ತೆಗೆದಿಡಬೇಕು. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದಿದ್ದರೆ ಒಳಗೆ ಬೇರೊಬ್ಬರು ಬರಲಿ, ಜಗಳ ಬೇಡ. ತಾಯಿಯ ದೇಹದಲ್ಲಿ ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು ಇತ್ಯಾದಿ ಇದ್ದರೆ ಮೊದಲೇ ತಿಳಿಸಿ. ಮಗುವಿನ ತಲೆಗೆ ಶಂಟ್ (ಮೆದುಳಿನಲ್ಲಿ ತುಂಬಿದ ನೀರನ್ನು ಹರಿಸುವ ಕೊಳವೆ) ಹಾಕಿದ್ದರೆ ಅದರ ಕಾರ್ಡು ತನ್ನಿ; ಕೆಲವು ಶಂಟ್‌ಗಳ ಕವಾಟದ ಹೊಂದಾಣಿಕೆ ಅಯಸ್ಕಾಂತದಿಂದ ಬದಲಾಗುತ್ತದೆ, ಸ್ಕ್ಯಾನ್ ಆದ ಮೇಲೆ ಪರೀಕ್ಷಿಸಿ ಸರಿಪಡಿಸಬೇಕು.

ಹಾಲು, ತೇಗು, ಸುತ್ತು

ಇನ್ನು ಕೆಲಸದ ಒಳಗಿನ ಕೆಲಸ. ಸ್ಕ್ಯಾನ್ ಕೋಣೆಯ ಪಕ್ಕದಲ್ಲೇ ಮಂದ ಬೆಳಕಿನ ಒಂದು ಮೂಲೆ ಬೇಕು. ತಾಯಿಯ ಜೊತೆ ಒಬ್ಬರೇ ಇರಲಿ. ಮೂವರು ಅತ್ತೆಯರು ಬಂದರೆ ಮೂರು ಸಲಹೆ, ಒಂದು ಮೊಬೈಲ್ ರಿಂಗು ಖಂಡಿತ.

ಬಟ್ಟೆ ಬದಲಾವಣೆ, ಕಾಲ್ಬೆರಳಿಗೆ ಆಮ್ಲಜನಕ ಅಳೆಯುವ ಪಟ್ಟಿ, ಎಲ್ಲ ಹಾಲಿಗೆ ಮುಂಚೆಯೇ ಮುಗಿಯಬೇಕು. ಆ ಪಟ್ಟಿ ಎಂಆರ್‌ಐ ಕೋಣೆಗೆಂದೇ ಮಾಡಿದ್ದಾಗಿರಬೇಕು. ವಾರ್ಡಿನ ಮಾಮೂಲಿ ಸೆನ್ಸರಿನ ತಂತಿ ಬಿಸಿಯಾಗಿ ಬೆರಳು ಸುಟ್ಟ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ತಂತಿಯನ್ನು ಸುರುಳಿ ಸುತ್ತಬಾರದು, ಮಗುವಿನ ಮೈಗೆ ತಾಗಿಸಬಾರದು.

ಸ್ಕ್ಯಾನಿಗೆ ಅರ್ಧ ಮುಕ್ಕಾಲು ಗಂಟೆ ಮೊದಲು, ಅಂದರೆ ಹತ್ತು ಮುಕ್ಕಾಲರ ಸುಮಾರಿಗೆ ಹಾಲು ಶುರು. ಎದೆಹಾಲಾದರೆ ಒಂದು ಕಡೆ ಕುಡಿಸಿ ನಿಲ್ಲಿಸಿ. ಹಾಲು ಹೊಟ್ಟೆಗಿಳಿಯುತ್ತಿದ್ದಂತೆ ಹೆಚ್ಚಿನ ಮಕ್ಕಳು ಕಕ್ಕಸು ಮಾಡಿಕೊಳ್ಳುತ್ತವೆ. ಅದನ್ನು ನಡುವೆಯೇ ಬದಲಿಸಿಬಿಡಿ, ನಂತರ ಇನ್ನೊಂದು ಕಡೆ ಕುಡಿಸಿ. ಡಬ್ಬಿಹಾಲು ಕುಡಿಯುವ ಮಗುವಿಗೆ ಎಂದಿನ ಹಾಲು, ಎಂದಿನ ಬಾಟಲಿ, ಎಂದಿನ ಅಳತೆ. ಇವತ್ತು ಚೆನ್ನಾಗಿ ಮಲಗಲಿ ಎಂದು ಹೆಚ್ಚು ಕುಡಿಸಿದರೆ ಯಂತ್ರದೊಳಗೆ ಕಕ್ಕುತ್ತದೆ.

ಕುಡಿಯುವಾಗಲೇ ಕಿವಿಯ ಕೆಲಸ. ಯಂತ್ರದ ಸದ್ದು ನೂರು ಡೆಸಿಬಲ್ ದಾಟುತ್ತದೆ. ಬರೀ ಹತ್ತಿ ತುರುಕಿದರೆ ಸಾಲದು. ಮೆತ್ತಗಿನ ಸಿಲಿಕೋನನ್ನು ಕಿವಿಯ ಬಾಯಿಗೆ ಮುಚ್ಚಳದಂತೆ ಒತ್ತಬೇಕು, ಒಳಗೆ ತಳ್ಳಬಾರದು. ಅದರ ಮೇಲೆ ಎಳೆಮಕ್ಕಳ ಅಂಟುವ ಕಿವಿಗವಚ, ಅದರ ಮೇಲೆ ಸ್ಪಂಜು. ಮೂರೂ ಬೇಕು.

ತೇಗಿಸುವುದಕ್ಕೆ ಪೂರ್ತಿ ಹತ್ತು ನಿಮಿಷ ಕೊಡಿ, ಹೆಗಲಿಗೆ ಹಾಕಿಕೊಂಡು. ಅವಸರ ಮಾಡಿದರೆ ಅಂಗಾತ ಮಲಗಿಸಿದ ಕೂಡಲೇ ಮುಲುಕುತ್ತದೆ.

ಸುತ್ತುವುದನ್ನು ನಾನು ಕಲಿತದ್ದು ಅರಕಲಗೂಡು ಕಡೆಯ ಒಬ್ಬ ಅಜ್ಜಿಯಿಂದ. ನಾನು ತರಬೇತಿಯಲ್ಲಿ ಹೇಳಿಕೊಟ್ಟಂತೆ ಬಟ್ಟೆಯನ್ನು ತ್ರಿಕೋನ ಮಡಿಸಿ ಸುತ್ತುತ್ತಿದ್ದೆ. ಆಕೆ ಸ್ವಲ್ಪ ಹೊತ್ತು ನೋಡಿ, “ಹೀಗೆ ಸುತ್ತಿದರೆ ಎರಡು ನಿಮಿಷಕ್ಕೆ ಕೈ ಹೊರಗೆ ಹಾಕುತ್ತದೆ, ಇತ್ತ ಕೊಡಮ್ಮ” ಎಂದರು. ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆ. ಮಗುವಿನ ಬಲಗೈಯನ್ನು ಪಕ್ಕಕ್ಕೆ ನೇರ ಚಾಚಿ, ಬಟ್ಟೆಯ ಆ ಅಂಚನ್ನು ಎದೆಯ ಮೇಲಿಂದ ತಂದು ಬೆನ್ನಿನಡಿ ಸಿಕ್ಕಿಸಿದರು, ಮಗುವಿನ ಭಾರವೇ ಅದನ್ನು ಹಿಡಿದುಕೊಂಡಿತು. ಎಡಗೈ, ಎಡ ಅಂಚು, ಹಾಗೆಯೇ. ಕಾಲುಗಳನ್ನು ಮಾತ್ರ ಮಡಿಸಿದಂತೆಯೇ ಸಡಿಲ ಬಿಟ್ಟರು. “ಕಪ್ಪೆಯ ಹಾಗೆ ಇರಬೇಕು ಕಾಲು, ನೆಟ್ಟಗೆ ಎಳೆದರೆ ಅಳುತ್ತದೆ.” ಸೊಂಟದ ಕೀಲಿಗೂ ಅದೇ ಒಳ್ಳೆಯದು ಎಂದು ಮೂಳೆ ವೈದ್ಯರು ಹೇಳುತ್ತಾರೆ. ಎದೆಯ ಬಳಿ ಬಟ್ಟೆಯೊಳಗೆ ಎರಡು ಬೆರಳು ಆಡುವಷ್ಟು ಜಾಗ, ಮುಖ ಪೂರ್ತಿ ತೆರೆದಿರಬೇಕು. ನಾನು ಸೇರಿಸಿದ್ದು ಇಷ್ಟೇ: ಕೈಗೂ ತೊಡೆಗೂ ನಡುವೆ, ತೊಡೆಗೂ ತೊಡೆಗೂ ನಡುವೆ ಬಟ್ಟೆಯ ಪದರ, ಚರ್ಮಕ್ಕೆ ಚರ್ಮ ತಾಗಬಾರದು. ಅದೂ ಬಿಸಿಯಾಗುವುದನ್ನು ತಪ್ಪಿಸಲು.

ಗಾಳಿ ತೆಗೆದರೆ ಗಟ್ಟಿಯಾಗಿ ಮಗುವಿನ ಆಕಾರಕ್ಕೆ ಕೂರುವ ಹಾಸಿಗೆಗಳು ಸಿಗುತ್ತವೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸುರುಳಿ ಸುತ್ತಿದ ಟವೆಲ್ಲು, ತಲೆಯ ಎರಡು ಬದಿಗೆ ಸ್ಪಂಜು.

ಕಾಯುವುದು

ಮಗು ಕಣ್ಣು ಮುಚ್ಚಿತು. ಎಲ್ಲರೂ ನನ್ನತ್ತ ನೋಡುತ್ತಾರೆ. ನಾನು ಏಳುವುದಿಲ್ಲ.

ಎಳೆಮಗು ದೊಡ್ಡವರಂತೆ ನೇರ ಆಳದ ನಿದ್ದೆಗೆ ಇಳಿಯುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಚಂಚಲ ನಿದ್ದೆ. ರೆಪ್ಪೆಯಡಿ ಗುಡ್ಡೆ ಓಡಾಡುತ್ತದೆ, ಉಸಿರು ಒಮ್ಮೆ ಬೇಗ ಒಮ್ಮೆ ನಿಧಾನ, ತುಟಿ ಚೀಪುತ್ತದೆ, ನಗುತ್ತದೆ. ದೇವರು ಆಡಿಸುತ್ತಿದ್ದಾನೆ ಎನ್ನುತ್ತಾರಲ್ಲ, ಅದೇ ಹೊತ್ತು. ಆಗ ಎತ್ತಿದರೆ ಕೆಲಸ ಕೆಟ್ಟಿತು. ನೋಡುತ್ತಿದ್ದಂತೆ ಮುಖದ ಆಟವೆಲ್ಲ ನಿಲ್ಲುತ್ತದೆ, ಉಸಿರು ಗಡಿಯಾರದಂತೆ ಒಂದೇ ಲಯಕ್ಕೆ ಬರುತ್ತದೆ. ಸುತ್ತಿನೊಳಗೆ ಬೆರಳು ತೂರಿಸಿ ಮಗುವಿನ ಅಂಗೈ ಮುಟ್ಟಿ. ಬೆರಳು ಹಿಡಿದುಕೊಂಡರೆ ಇನ್ನೂ ಕಾಯಿರಿ. ಕೈಯನ್ನು ಸ್ವಲ್ಪ ಎತ್ತಿ ಬಿಟ್ಟಾಗ ಒದ್ದೆ ಬಟ್ಟೆಯಂತೆ ಬಿದ್ದರೆ ಈಗ ಹೊರಡಬಹುದು. ಒಂದು ಸುತ್ತಿನ ನಿದ್ದೆ ಸುಮಾರು ಐವತ್ತರಿಂದ ಅರವತ್ತು ನಿಮಿಷ, ಉಳಿದದ್ದರಲ್ಲಿ ನಮ್ಮ ಕೆಲಸ ಮುಗಿಯಬೇಕು.

ಕೋಣೆ ತಣ್ಣಗಿರುತ್ತದೆ, ಮೇಲೊಂದು ಹೊದಿಕೆ ಇರಲಿ, ಆದರೆ ಉಣ್ಣೆಯ ಶಾಲುಗಳ ರಾಶಿ ಬೇಡ. ಯಂತ್ರವೂ ಮೈಯನ್ನು ಬಿಸಿಮಾಡುತ್ತದೆ.

ಯಂತ್ರದ ಒಳಗೆ

ಈ ಭಾಗ ಟೆಕ್ನಿಷಿಯನ್‌ಗಳಿಗೆ. ಮಗುವಿನ ತೂಕವನ್ನು ಸರಿಯಾಗಿ ನಮೂದಿಸಿ, ಶಾಖದ ಮಿತಿ ಅದರ ಮೇಲೆಯೇ ನಿಂತಿದೆ. ದೊಡ್ಡವರ ತಲೆಯ ಕಾಯಿಲ್ (ತಲೆಯ ಸುತ್ತ ಕೂರಿಸಿ ಸಂಕೇತ ಹಿಡಿಯುವ ಚೌಕಟ್ಟು) ಸಡಿಲವಾದರೆ ಮಂಡಿಯ ಕಾಯಿಲ್ ಬಳಸಿ ನೋಡಿ, ಚಿತ್ರ ಸ್ವಚ್ಛವಾಗುತ್ತದೆ. ಸೀಕ್ವೆನ್ಸ್‌ಗಳನ್ನು, ಅಂದರೆ ಒಂದೊಂದು ಬಗೆಯ ಚಿತ್ರದ ಸರಣಿಗಳನ್ನು, ಮುಖ್ಯವಾದದ್ದು ಮೊದಲು ಎಂಬ ಕ್ರಮದಲ್ಲಿ ಜೋಡಿಸಿ. ಉಸಿರುಕಟ್ಟಿದ ಮಗುವಾದರೆ ಡಿಫ್ಯೂಷನ್ ಮೊದಲು, ನಂತರ ಟಿ1, ಟಿ2. ಡಿಫ್ಯೂಷನ್ ಸದ್ದು ಜೋರು ಎಂದು ಹಿಂದೆ ಹಾಕುವವರಿದ್ದಾರೆ. ನನ್ನ ಅನುಭವದಲ್ಲಿ ಮಗುವನ್ನು ಎಬ್ಬಿಸುವುದು ಜೋರು ಸದ್ದಿಗಿಂತ ಸದ್ದು ನಿಂತು ಮತ್ತೆ ಧುಮುಕುವ ಆ ಅಂತರ. ಸೀಕ್ವೆನ್ಸ್‌ಗಳ ನಡುವೆ ಬಿಡುವು ಕೊಡಬೇಡಿ. ತಲೆಯಲ್ಲಿ ನೀರು ತುಂಬಿದ ಮಗುವಿಗೆ ಸಿಂಗಲ್ ಶಾಟ್ ಟಿ2 ಒಂದೆರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ, ಪೂರ್ತಿ ಪಟ್ಟಿ ಓಡಿಸುವ ಹಠ ಬೇಡ.

ಎಳೆಮೆದುಳಿನಲ್ಲಿ ನೀರಿನ ಅಂಶ ಹೆಚ್ಚು, ಬಿಳಿ ಭಾಗದ ಬಹುಪಾಲಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಬಿಳಿ ಬೂದು ಭಾಗಗಳು ದೊಡ್ಡವರ ಚಿತ್ರಕ್ಕೆ ತಲೆಕೆಳಗಾಗಿ ಕಾಣುತ್ತವೆ. ದೊಡ್ಡವರ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ವರದಿ ಬರೆಯುವವರಿಗೆ ಕೈಗೆ ಸಿಗುವುದು ಮಂಜು. ಒಂದು ಸೀಕ್ವೆನ್ಸ್ ಕೆಟ್ಟರೆ ಅದೊಂದನ್ನೇ ಮತ್ತೆ ಮಾಡಿ.

ಎಳೆಮಗುವಿನ ಉಸಿರು ನಿಂತರೆ ಮರಳಿ ತರಬಲ್ಲ ಒಬ್ಬರು ಹತ್ತಿರದಲ್ಲಿರಲೇಬೇಕು. ಆಮ್ಲಜನಕದ ಮಟ್ಟ ಇಳಿದರೆ ಸಲಕರಣೆಯನ್ನು ಒಳಗೆ ಒಯ್ಯುವುದಲ್ಲ, ಮಗುವನ್ನು ಹೊರಗೆ ತರುವುದು.

ಮಗು ಎದ್ದುಬಿಟ್ಟರೆ

ಏಳುತ್ತದೆ, ಕೆಲವು ಸಲ. ಹೊರಗೆ ತಂದು ಸುತ್ತು ಬಿಚ್ಚದೆ ತಾಯಿಯ ಕೈಗೆ ಕೊಡಿ, ಸ್ವಲ್ಪ ತಟ್ಟಲಿ, ಜೋಗುಳ ಹಾಡಲಿ. ಇಪ್ಪತ್ತು ನಿಮಿಷ ಕಾದು ಇನ್ನೊಂದು ಪ್ರಯತ್ನ. ಅದೂ ಆಗದಿದ್ದರೆ ಅಂದಿಗೆ ಬಿಡಿ. ಇಷ್ಟು ದೂರ ಬಂದಿದ್ದೇವೆ, ಈಗಲೇ ಅರಿವಳಿಕೆ ಕೊಟ್ಟು ಮುಗಿಸಿ ಎಂದು ಒತ್ತಾಯಿಸುವವರಿದ್ದಾರೆ. ಹೊಟ್ಟೆ ತುಂಬಿದೆ. ಅರಿವಳಿಕೆಗೆ ಎದೆಹಾಲು ಕುಡಿದು ನಾಲ್ಕು ಗಂಟೆ, ಡಬ್ಬಿಹಾಲಾದರೆ ಆರು ಗಂಟೆ ಕಳೆದಿರಬೇಕು, ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅದಕ್ಕೇ ಬರುವಾಗಲೇ ಎರಡನೆಯ ದಿನವನ್ನೂ ಕೇಳಿ ಇಟ್ಟುಕೊಂಡಿರಿ.

ಸ್ಕ್ಯಾನ್ ಆದ ಮಗುವಿಗೆ ವಿಶೇಷ ಆರೈಕೆ ಏನೂ ಬೇಡ. ಕಿವಿಯ ಸಿಲಿಕೋನ್ ಎರಡೂ ತೆಗೆದಿದ್ದಾರೆಯೇ ಎಂದು ಎಣಿಸಿ ನೋಡಿ, ಕಾಲ್ಬೆರಳಲ್ಲಿ ಕೆಂಪು ಕಲೆಯಿದೆಯೇ ನೋಡಿ. ಸಿ.ಡಿ. ಕೇಳಿ ಪಡೆಯಿರಿ, ಮುಂದಿನ ಸಲ ಹೋಲಿಸಿ ನೋಡಲು ಅದು ಬೇಕು. ಉಡುದಾರವನ್ನೂ ನೆನಪಿಟ್ಟು ಕಟ್ಟಿಕೊಂಡು ಹೋಗಿ. ನನ್ನ ಮೇಜಿನ ಡ್ರಾವರಿನಲ್ಲಿ ಈಗ ಮೂರು ಉಳಿದಿವೆ.